ಚಿನ್ನಕ್ಕೆ ಒಂದು ಕೋಣೆ, ದೂಳಿಗೆ ಸಾವಿರ ಎಕರೆ

ಕೆಜಿಎಫ್‌ನಲ್ಲಿ ಸುಮಾರು 120 ವರ್ಷ ನೆಲ ಬಗೆದು ತೆಗೆದ ಚಿನ್ನವನ್ನೆಲ್ಲ ಒಂದೇ ಕಡೆ ಇಡಬೇಕು ಅಂದರೆ ಎಷ್ಟು ಜಾಗ ಬೇಕು? ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆ ಹೆಚ್ಚುಕಡಿಮೆ ಸಾಕು. ನಮ್ಮ ಕಡೆ ಮನೆಗಳಲ್ಲಿ ಇರುವ ಸಾಮಾನ್ಯ ರೂಮಿನ ಅಳತೆ ಅದು.

ನಂಬಿಕೆ ಬರದಿದ್ದರೆ ಲೆಕ್ಕ ನೋಡಿ. ಗಣಿಗಳಿಂದ ಬಂದ ಒಟ್ಟು ಚಿನ್ನ ಸುಮಾರು 800 ಟನ್, ಅಂದರೆ 8 ಲಕ್ಷ ಕೆ.ಜಿ. ಒಂದು ಲೀಟರ್ ಕ್ಯಾನಿಗೆ ನೀರು ತುಂಬಿದರೆ ಒಂದು ಕೆ.ಜಿ. ತೂಗುತ್ತದೆ. ಅದೇ ಕ್ಯಾನಿಗೆ ಚಿನ್ನ ತುಂಬಿದರೆ 19.3 ಕೆ.ಜಿ. ಎಂಟು ಲಕ್ಷವನ್ನು 19.3ರಿಂದ ಭಾಗಿಸಿದರೆ ಸುಮಾರು 41,450 ಲೀಟರ್ ಬರುತ್ತದೆ. ಬೇಸಿಗೆಯಲ್ಲಿ ಊರಿಗೆ ನೀರು ತರುವ 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಎಂಟು ಸಲ ಬಂದು, ಒಂಬತ್ತನೇ ಸಲ ಕಾಲು ಭಾಗ ತಂದರೆ ಮುಗಿಯಿತು. ಹೇಳಿದ ಕೋಣೆಯ ಘನಫಲ 1,440 ಘನ ಅಡಿ, ಸುಮಾರು 40,800 ಲೀಟರ್. ಸುಮಾರು 650 ಲೀಟರಿನಷ್ಟು ಹೊರಗೆ ಉಳಿಯಬಹುದು, ಅಷ್ಟೆ.

ಇನ್ನು ಚಿನ್ನ ತೆಗೆದ ಮೇಲೆ ಉಳಿದದ್ದಕ್ಕೆ ಎಷ್ಟು ಜಾಗ ಬೇಕಾಯಿತು ಅಂತ ಕೇಳಿದರೆ, ಉತ್ತರ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗುವವರಿಗೆಲ್ಲ ಗೊತ್ತು. ಜನ ಅದನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಸಿನಿಮಾದವರೂ ಬಂದು ಶೂಟಿಂಗ್ ಮಾಡಿಕೊಂಡು ಹೋದರು. ಆದರೆ ಅದು ಗುಡ್ಡ ಅಲ್ಲ, ಪುಡಿ. ಕಲ್ಲನ್ನು ಹಿಟ್ಟಿನಂತೆ ಬೀಸಿ ಚಿನ್ನ ತೆಗೆದು ಸುರಿದ ಪುಡಿ.

ಹೈಸ್ಕೂಲಿನಲ್ಲಿ ಮೇಲ್ಮೈ ವಿಸ್ತೀರ್ಣ, ಘನಫಲ ಅಂತ ಒಂದು ಪಾಠ ಬರುತ್ತದೆ. ಸಿಲಿಂಡರು, ಶಂಕು, ಗೋಳ, ಅವುಗಳ ಸೂತ್ರ. ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಕೆಜಿಎಫ್ ಇತಿಹಾಸವನ್ನು ಬ್ರಿಟಿಷರು, ಕಂಪನಿ, ಯೂನಿಯನ್, ಮುಚ್ಚುವಿಕೆ ಎಂದು ಎಷ್ಟೋ ಜನ ಬರೆದಿದ್ದಾರೆ. ನನಗೆ ಮಾತ್ರ ಆ ಪಾಠದ ಎರಡು ಮಾತು ಹಿಡಿದುಕೊಂಡರೇ ಈ ಇತಿಹಾಸ ಹೆಚ್ಚು ಅರ್ಥವಾಗುತ್ತದೆ ಅನ್ನಿಸುತ್ತದೆ. ಘನಫಲ ಅಂದರೆ ಒಂದು ವಸ್ತು ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದು. ಮೇಲ್ಮೈ ಅಂದರೆ ಅದಕ್ಕೆ ಎಷ್ಟು ಮೈ ಇದೆ, ಗಾಳಿ ನೀರು ಎಷ್ಟು ಕಡೆ ತಾಗುತ್ತದೆ ಅನ್ನುವುದು.

ಮೊದಲಿಂದ ಶುರು ಮಾಡೋಣ.

1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಸೇನೆಯ ಅಧಿಕಾರಿ ಮೈಸೂರು ಸಂಸ್ಥಾನದ ಪೂರ್ವ ಗಡಿಯ ಸರ್ವೆ ಕೆಲಸದಲ್ಲಿದ್ದ. ಟಿಪ್ಪು ಸತ್ತು ಮೂರೇ ವರ್ಷ ಆಗಿತ್ತು. ಈ ಕಡೆ ಮಣ್ಣಿನಲ್ಲಿ ಚಿನ್ನ ಇದೆ ಅನ್ನುವ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದ. ಊರಿಗಾಂ ಸುತ್ತಲಿನ ಜನ ಎತ್ತಿನ ಗಾಡಿಯಲ್ಲಿ ಮಣ್ಣು ತಂದು, ಅವನ ಎದುರಿಗೇ ನೀರಿನಲ್ಲಿ ತೊಳೆದು ಚಿನ್ನದ ಕಣ ತೋರಿಸಿದರು. ಸುಮಾರು 56 ಕೆ.ಜಿ. ಮಣ್ಣಿಗೆ ಒಂದು ಗ್ರೇನ್ ಚಿನ್ನ ಸಿಕ್ಕಿತೆಂದು ದಾಖಲಾಗಿದೆ. ಗ್ರೇನ್ ಅಂದರೆ 65 ಮಿಲಿಗ್ರಾಂ. ಟನ್ನಿಗೆ ಲೆಕ್ಕ ಹಾಕಿದರೆ ಒಂದು ಗ್ರಾಂಗೆ ಸ್ವಲ್ಪ ಮೇಲೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಜನ ಮಾಡಿದ್ದು ತೂಕದ ಲೆಕ್ಕದ ಕೆಲಸ. ಒಂದೇ ಗಾತ್ರದ ಮರಳಿನ ಕಾಳಿಗಿಂತ ಚಿನ್ನದ ಕಾಳು ಏಳು ಪಟ್ಟು ಭಾರ. ತಟ್ಟೆ ಅಲ್ಲಾಡಿಸಿದರೆ ಮರಳು ನೀರಿನ ಜೊತೆ ಹೋಗುತ್ತದೆ, ಚಿನ್ನ ತಳದಲ್ಲಿ ಕೂರುತ್ತದೆ. ಅಕ್ಕಿ ಗಾಳಿಸಿ ಕಲ್ಲು ತೆಗೆಯುವ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ವಿದ್ಯೆ ಬಿಡಿ ಕಣಕ್ಕೆ ಮಾತ್ರ ನಡೆಯುತ್ತದೆ. ಬಂಡೆಯ ಒಳಗೆ ಸಿಕ್ಕಿಕೊಂಡಿರುವ ಚಿನ್ನಕ್ಕೆ ನೀರು ತಾಗುವುದೇ ಇಲ್ಲ.

1871ರಲ್ಲಿ ಬಂದ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಗಣಿಗಾರಿಕೆಗೆ ಅನುಮತಿ ಪಡೆದ. ಬೆಂಗಳೂರಿನ ಲ್ಯಾವೆಲ್ ರೋಡ್ ಅವನ ಹೆಸರಿನದೇ. ಅವನಿಗೆ ದಕ್ಕಿದ್ದು ಅಷ್ಟಕ್ಕಷ್ಟೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮೊದಲ ಕೆಲವು ವರ್ಷ ಷೇರುದಾರರ ದುಡ್ಡು ಕರಗಿತೇ ಹೊರತು ಚಿನ್ನ ಬರಲಿಲ್ಲ. ಹಿಂದಿನ ಕಾಲದವರು ಅಗೆದು ಬಿಟ್ಟಿದ್ದ ಹಳೇ ಗುಂಡಿಗಳ ಜಾಡು ಹಿಡಿದು ಕೆಳಗೆ ಹೋದಾಗ, 1880ರ ದಶಕದ ನಡುವಿನಲ್ಲಿ, ಚಾಂಪಿಯನ್ ರೀಫ್ ಸಿಕ್ಕಿತು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ತಮಿಳುನಾಡಿನ ಆರ್ಕಾಟು ಸೀಮೆಯಿಂದ, ಚಿತ್ತೂರು ಕಡೆಯಿಂದ ಸಾವಿರಾರು ಕೂಲಿಗಳು, ಬಹುಪಾಲು ದಲಿತರು, ಬಂದು ಇಳಿದರು. ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ಹಾದಿ ಬಂತು. (ಬಂಗಾರದ ಊರು, ಅದಕ್ಕೇ ಬಂಗಾರಪೇಟೆ ಅಂತ ಅನೇಕರು ತಿಳಿದಿದ್ದಾರೆ. ಹಳೇ ಹೆಸರು ಕಮಿಷನರ್ ಲೆವಿನ್ ಬೌರಿಂಗ್‌ನದು.) 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ಕರೆಂಟು ಬರುವ ಮೊದಲೇ ಗಣಿಗೆ ಬಂದಿತ್ತು.

ಅಷ್ಟು ಕರೆಂಟು ಯಾತಕ್ಕೆ? ಇಳಿಯಲು, ಏರಲು, ನೀರೆತ್ತಲು ಬೇಕು, ಸರಿ. ಜೊತೆಗೆ ಕುಟ್ಟಲು, ಬೀಸಲು ಬೇಕು. ಈ ಬೀಸುವ ಕೆಲಸದ ಹತ್ತಿರ ಸ್ವಲ್ಪ ನಿಲ್ಲೋಣ, ಕಥೆಯ ಗುಟ್ಟು ಇರುವುದೇ ಅಲ್ಲಿ.

ಗಣಿಯಿಂದ ಮೇಲೆ ಬಂದ ಕಲ್ಲಿನ ತುಂಡುಗಳನ್ನು ಮೊದಲು ಒಡೆಯುತ್ತಿದ್ದರು. ಆಮೇಲೆ ಸ್ಟಾಂಪ್ ಮಿಲ್. ಸಾಲಾಗಿ ನಿಲ್ಲಿಸಿದ ಕಬ್ಬಿಣದ ಒನಕೆಗಳು ಅಂದುಕೊಳ್ಳಿ. ಯಂತ್ರ ಅವನ್ನು ಎತ್ತಿ ಎತ್ತಿ ಬಿಡುತ್ತದೆ, ಕೆಳಗಿನ ಕಲ್ಲು ನುಚ್ಚಾಗುತ್ತದೆ, ನುಚ್ಚು ಪುಡಿಯಾಗುತ್ತದೆ. ಪುಡಿಯ ಕೆಸರನ್ನು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಬಿಡಿಯಾದ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಅಂಟದೆ ಹೋದದ್ದೂ ಬೇಕಾದಷ್ಟಿತ್ತು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಸೈನೈಡ್ ಬೆರೆಸಿದ ನೀರು ಚಿನ್ನವನ್ನು ಸಕ್ಕರೆಯಂತೆ ಕರಗಿಸಿಕೊಳ್ಳುತ್ತದೆ. ಕೆಲವು ವರ್ಷದಲ್ಲೇ ಅದು ಕೆಜಿಎಫ್‌ಗೂ ಬಂತು.

ಆದರೆ ಸೈನೈಡ್ ನೀರು ತಾಗಿದ ಕಡೆ ಮಾತ್ರ ಕರಗಿಸುತ್ತದೆ. ಬೆಲ್ಲದ ಅಚ್ಚನ್ನು ಹಾಗೇ ನೀರಿಗೆ ಹಾಕಿದರೆ ಎಷ್ಟು ಹೊತ್ತು ಬೇಕು, ಕುಟ್ಟಿ ಹಾಕಿದರೆ ಎಷ್ಟು ಹೊತ್ತು ಬೇಕು? ಬೆಲ್ಲ ಅಷ್ಟೇ, ಘನಫಲ ಅಷ್ಟೇ. ಹೆಚ್ಚಾದದ್ದು ಮೇಲ್ಮೈ. ಕಲ್ಲಿಗೂ ಇದೇ ಲೆಕ್ಕ.

ಒಂದು ಟನ್ ಅದಿರನ್ನು ಒಂದೇ ಚೌಕ ಬಂಡೆ ಅಂದುಕೊಳ್ಳಿ. ಘನ ಮೀಟರಿಗೆ 2.8 ಟನ್ ತೂಕ ಹಿಡಿದರೆ ಆ ಬಂಡೆಯ ಒಂದೊಂದು ಬದಿ 71 ಸೆಂ.ಮೀ., ಒಂದು ಗ್ಯಾಸ್ ಸಿಲಿಂಡರ್ ನಿಂತಷ್ಟು ಎತ್ತರ. ಅದರ ಆರು ಮುಖಗಳನ್ನೂ ಸೇರಿಸಿದರೆ ಮೇಲ್ಮೈ 3 ಚದರ ಮೀಟರ್. ಒಂದು ಚಾಪೆಗಿಂತ ಸ್ವಲ್ಪ ದೊಡ್ಡದು. ಈಗ ಅದನ್ನೇ ಕತ್ತರಿಸುತ್ತಾ ಹೋಗಿ. ಒಂದು ಸಲ ಮಧ್ಯಕ್ಕೆ ಸೀಳಿದರೆ ಎರಡು ಹೊಸ ಮುಖ ಹುಟ್ಟುತ್ತವೆ. ಪ್ರತಿ ಸೀಳಿಗೂ ಹೀಗೇ. ಬದಿ ಅರ್ಧ ಆದಾಗೆಲ್ಲ ಒಟ್ಟು ಮೇಲ್ಮೈ ಎರಡರಷ್ಟಾಗುತ್ತದೆ. ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದಷ್ಟು ಸಣ್ಣ ಕಣ ಆಗುವ ತನಕ ಬೀಸಿದರೆ, ಆ ಒಂದು ಟನ್ನಿನ ಮೇಲ್ಮೈ 21,000 ಚದರ ಮೀಟರ್ ದಾಟುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಐದು ಎಕರೆ ಹನ್ನೊಂದು ಗುಂಟೆ.

ಚಾಪೆಯಷ್ಟು ಇದ್ದದ್ದು ಐದು ಎಕರೆ ಆಯಿತು. ಆ ಐದು ಎಕರೆಯಲ್ಲಿ ಎಲ್ಲೋ ಅಲ್ಲಲ್ಲಿ ಬಯಲಿಗೆ ಬಂದ ಚಿನ್ನದ ಚುಕ್ಕೆಗಳನ್ನು ಸೈನೈಡ್ ಹುಡುಕಿ ಕರಗಿಸಿತು. ಕರಗಿದ ಚಿನ್ನವನ್ನು ಮತ್ತೆ ಗಟ್ಟಿ ಮಾಡಲು ಸತುವಿನ ತುಂಡು ಹಾಕುತ್ತಿದ್ದರು. ಅದನ್ನೂ ಗಟ್ಟಿಯಾಗಿ ಹಾಕುತ್ತಿರಲಿಲ್ಲ, ಬಡಗಿ ಹತ್ತರಿ ಹೊಡೆದಾಗ ಬರುವ ಸುರುಳಿಯಂತೆ ತೆಳ್ಳಗೆ ಹೆರೆದು ಹಾಕುತ್ತಿದ್ದರು. ಅಲ್ಲೂ ಬೇಕಾದದ್ದು ಮೇಲ್ಮೈಯೇ.

ಇದರಿಂದ ಕಂಪನಿಗೆ ಬಂದದ್ದೇನು ಅಂದರೆ, 20ನೇ ಶತಮಾನದ ಮೊದಲ ದಶಕದ ಒಳ್ಳೆಯ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 19 ಟನ್ ಚಿನ್ನ. ಮನೆ ಮೇಲೆ ಇಡುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಇದೆಯಲ್ಲ, ಅದನ್ನು ತುಂಬಲು ಸ್ವಲ್ಪ ಕಡಿಮೆ. ಸಾವಿರಾರು ಜನ ವರ್ಷಪೂರ್ತಿ ನೆಲದಡಿ ದುಡಿದು ಒಂದು ಟ್ಯಾಂಕ್. ಘನಫಲ ಇಷ್ಟು ಸಣ್ಣದಾಗಿದ್ದಕ್ಕೇ ಅದು ಸುಲಭವಾಗಿ ರೈಲು ಹತ್ತಿ, ಹಡಗು ಹತ್ತಿ ಹೋಯಿತು. ಪುಡಿ ಹೋಗಲಿಲ್ಲ.

ಕಲ್ಲಿನಲ್ಲಿದ್ದ ಚಿನ್ನವೂ ವರ್ಷ ಕಳೆದಂತೆ ಕುಗ್ಗಿತು. ಆರಂಭದಲ್ಲಿ ಟನ್ನಿಗೆ 47 ಗ್ರಾಂ ತನಕ ಸಿಗುತ್ತಿತ್ತು ಅನ್ನುತ್ತಾರೆ. ಗಾತ್ರದಲ್ಲಿ ಹೇಳುವುದಾದರೆ ಮಕ್ಕಳು ಆಡುವ ಒಂದು ಗೋಲಿ. ಮುಚ್ಚುವ ಹೊತ್ತಿಗೆ ಅದು 3 ಗ್ರಾಂ ಸುಮಾರಿಗೆ ಬಂದಿತ್ತು. ಕಡಲೆಕಾಳಿಗಿಂತ ಸಣ್ಣದು. ಆ ಕಾಳಿಗಾಗಿ ಮೂರು ಕಿಲೋಮೀಟರ್‌ಗೂ ಆಳ ಇಳಿಯಬೇಕು, ಕೈ ಇಟ್ಟರೆ ಸುಡುವ ಬಂಡೆಯ ನಡುವೆ ಕೆಲಸ ಮಾಡಬೇಕು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅಂತ ಯಜಮಾನರು ಬದಲಾದರು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು.

ಮೇಲ್ಮೈಯ ಇನ್ನೊಂದು ಮುಖ ಕಾರ್ಮಿಕರ ಎದೆಯೊಳಗಿತ್ತು. ಚಿನ್ನವಿದ್ದದ್ದು ಬೆಣಚುಕಲ್ಲಿನಲ್ಲಿ. ಬೆಣಚುಕಲ್ಲು ಅಂದರೆ ಬಹುತೇಕ ಸಿಲಿಕಾ. ಅದನ್ನು ಕೊರೆದಾಗ, ಒಡೆದಾಗ ಎದ್ದ ದೂಳಿನಲ್ಲಿ ದಪ್ಪ ಕಣ ಮೂಗಿನಲ್ಲೇ ನಿಲ್ಲುತ್ತದೆ, ಕಫದಲ್ಲಿ ಹೊರಬರುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕಿಂತ ಸಣ್ಣ ಕಣ ನೇರ ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತದೆ, ಗಾಯ ಮಾಡುತ್ತದೆ, ಗಾಯ ಗಂಟಾಗುತ್ತದೆ. ಸಿಲಿಕೋಸಿಸ್. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಈಗಲೂ ಹಾಗೇ ಓದಿಸುತ್ತಾರೆ. ಶ್ವಾಸಕೋಶವೂ ಮೇಲ್ಮೈಯ ಲೆಕ್ಕದಲ್ಲೇ ಬದುಕುವ ಅಂಗ. ಎದೆಗೂಡಿನಷ್ಟು ಜಾಗದಲ್ಲಿ ಕೋಟಿಗಟ್ಟಲೆ ಸಣ್ಣ ಗುಳ್ಳೆ ಇಟ್ಟುಕೊಂಡು ಗಾಳಿಗೆ ದೊಡ್ಡ ಅಂಗಳ ಮಾಡಿಕೊಟ್ಟಿದೆ. ದೂಳು ಆ ಅಂಗಳವನ್ನು ಗುಂಟೆ ಗುಂಟೆಯಾಗಿ ಕಿತ್ತುಕೊಳ್ಳುತ್ತದೆ. ಒಮ್ಮೆ ಹೋದದ್ದು ಔಷಧಿಯಿಂದ ವಾಪಸ್ ಬರುವುದಿಲ್ಲ.

ಈಗ ಗುಡ್ಡದ ಕಡೆ ಬರೋಣ.

ಬಾವಿ ತೋಡಿದವರಿಗೆ, ಹಿಂದೆ ರಾಗಿಗೆ ಹಗೇವು ತೆಗೆದವರಿಗೆ ಗೊತ್ತಿರುವ ಮಾತು: ಗುಂಡಿಯಿಂದ ತೆಗೆದ ಮಣ್ಣು ಪೂರ್ತಿ ಅದೇ ಗುಂಡಿಗೆ ಹಿಡಿಯುವುದಿಲ್ಲ. ಕಲ್ಲಿನಲ್ಲಂತೂ ಇದು ಇನ್ನೂ ಹೆಚ್ಚು. ಗಟ್ಟಿ ಬಂಡೆ ಘನ ಮೀಟರಿಗೆ 2.8 ಟನ್ ಇದ್ದರೆ, ಅದನ್ನು ಬೀಸಿದ ಪುಡಿ ಸುಮಾರು 1.6 ಟನ್. ಕಣಗಳ ನಡುವೆ ಗಾಳಿ ಸೇರಿಕೊಳ್ಳುತ್ತದೆ. ಒಂದು ಯೂನಿಟ್ ಬಂಡೆ ಪುಡಿಯಾದ ಮೇಲೆ ಒಂದೂ ಮುಕ್ಕಾಲು ಯೂನಿಟ್ ಆಗುತ್ತದೆ. ‘ಗಣಿ ಖಾಲಿ ಬಿದ್ದಿದೆಯಲ್ಲ, ಪುಡಿಯನ್ನೆಲ್ಲ ಒಳಗೇ ಸುರಿದುಬಿಡಿ’ ಅಂತ ಟೀ ಅಂಗಡಿಯಲ್ಲಿ ಹೇಳುವವರಿದ್ದಾರೆ. ಹಿಡಿಯುವುದಿಲ್ಲ. ಆ ಸುರಂಗಗಳಲ್ಲಿ ನೀರು ತುಂಬಿದೆ ಅನ್ನುವುದು ಬೇರೆ ಮಾತು.

ಗುಡ್ಡಗಳು ಒಟ್ಟು 13. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಜಾಗ 1,003.4 ಎಕರೆ. ಪುಡಿ ಸುಮಾರು 3.3 ಕೋಟಿ ಟನ್. ಇದಕ್ಕಿಂತ ದೊಡ್ಡ ಅಂಕಿಯೂ ಪತ್ರಿಕೆಗಳಲ್ಲಿ ಬಂದಿದೆ, ನಾನು ಸಣ್ಣದನ್ನೇ ಹಿಡಿಯುತ್ತೇನೆ.

3.3 ಕೋಟಿ ಟನ್ ಅಂದರೆ 2 ಕೋಟಿ ಘನ ಮೀಟರ್‌ಗೂ ಸ್ವಲ್ಪ ಹೆಚ್ಚು. ನೂರು ಘನ ಅಡಿಯ ಯೂನಿಟ್ ಲೆಕ್ಕದಲ್ಲಿ ಸುಮಾರು 73 ಲಕ್ಷ ಯೂನಿಟ್. ಒಂದು ಟ್ರ್ಯಾಕ್ಟರಿಗೆ ಒಂದು ಯೂನಿಟ್ ತುಂಬಿ, ನಿಮಿಷಕ್ಕೊಂದು ಟ್ರ್ಯಾಕ್ಟರ್ ಹಗಲೂ ರಾತ್ರಿ, ಹಬ್ಬ ಹರಿದಿನ ಬಿಡದೆ ಹೊರಟರೂ ಮುಗಿಯಲು ಸುಮಾರು 14 ವರ್ಷ. 1,003 ಎಕರೆ ಪೂರ್ತಿ ಸಮನಾಗಿ ಹರಡಿದರೆ ಹದಿನಾರೂವರೆ ಅಡಿ ಎತ್ತರ ನಿಲ್ಲುತ್ತದೆ. ರಾಶಿ ಹಾಕಿರುವುದರಿಂದ ಕೆಲವು ಕಡೆ ಅದು ನೂರು ಅಡಿ ಏರಿದೆ. ಅದರ ಒಳಗಿನ ಕಣಗಳ ಮೇಲ್ಮೈಯನ್ನೆಲ್ಲ, ಟನ್ನಿಗೆ ಐದು ಎಕರೆ ಚಿಲ್ಲರೆಯಂತೆ, ಬಿಡಿಸಿ ಹಾಸಿದರೆ ಕರ್ನಾಟಕದಂಥ ಮೂರೂವರೆ ರಾಜ್ಯಕ್ಕಿಂತ ಹೆಚ್ಚು ಮುಚ್ಚಬಹುದು.

ಇದರಲ್ಲಿ ಇನ್ನೂ ಉಳಿದಿರುವ ಚಿನ್ನ ಟನ್ನಿಗೆ ಒಂದು ಗ್ರಾಂಗೂ ಕಡಿಮೆ. 0.7 ಗ್ರಾಂ ಅಂತ ಇಟ್ಟುಕೊಳ್ಳೋಣ. ವಾರನ್ ಎದುರು ತೊಳೆದ ಮಣ್ಣಿನಲ್ಲಿ ಇದ್ದದ್ದಕ್ಕಿಂತ ಕಡಿಮೆ. ಅವತ್ತು 56 ಕೆ.ಜಿ.ಗೆ ಒಂದು ಗ್ರೇನ್ ಬಂದರೆ ಈಗ 93 ಕೆ.ಜಿ. ಪುಡಿ ಬೇಕು. ಒಟ್ಟು ಸೇರಿಸಿದರೆ 23 ಟನ್ ಆಗುತ್ತದೆ. ಈಗಿನ ಚಿನ್ನದ ಬೆಲೆಗೆ ಅದು ಸಾವಿರಾರು ಕೋಟಿ ರೂಪಾಯಿ, ನಿಜ. ಕಂಪನಿಗಳು ಬರುವುದೂ ಅದಕ್ಕೇ. ಅಗೆಯುವ, ಬೀಸುವ ಖರ್ಚು ಹಿಂದಿನವರೇ ಮಾಡಿಟ್ಟಿದ್ದಾರೆ.

ಆದರೆ ಆ 23 ಟನ್ನಿನ ಘನಫಲ ಎಷ್ಟು? 1.2 ಘನ ಮೀಟರ್. ಅದೇ ಸಿಂಟೆಕ್ಸ್ ಟ್ಯಾಂಕ್ ಒಂದು, ಮೇಲೆ ಹತ್ತು ಹನ್ನೆರಡು ಬಕೆಟ್. 2 ಕೋಟಿ ಘನ ಮೀಟರ್ ಗುಡ್ಡದಿಂದ 1.2 ಘನ ಮೀಟರ್ ತೆಗೆದರೆ ಗುಡ್ಡ ಕರಗುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ‘ಚಿನ್ನ ತೆಗೆದರೆ ಗುಡ್ಡವೂ ಹೋಗುತ್ತದೆ, ದೂಳಿನ ಕಾಟವೂ ತಪ್ಪುತ್ತದೆ’ ಅನ್ನುವ ಮಾತು ರಾಬರ್ಟ್‌ಸನ್‌ಪೇಟೆಯಲ್ಲೂ ಬಂಗಾರಪೇಟೆಯಲ್ಲೂ ಓಡಾಡುತ್ತಿದೆ. ಒಂದು ಟನ್ ಪುಡಿ ಕಾರ್ಖಾನೆಗೆ ಹೋದರೆ ಒಂದು ಟನ್ ಪುಡಿಯೇ ಆಚೆ ಬರುತ್ತದೆ. ಇನ್ನಷ್ಟು ಚಿನ್ನ ಬಿಡಿಸಲು ಮತ್ತೊಮ್ಮೆ ಬೀಸಿದರೆ ಕಣ ಇನ್ನೂ ಸಣ್ಣದಾಗುತ್ತದೆ, ಮೇಲ್ಮೈ ಇನ್ನೂ ಹೆಚ್ಚುತ್ತದೆ.

ಆಷಾಢದ ಗಾಳಿ ಬೀಸುವಾಗ ಹಾರುವುದು ಗುಡ್ಡದ ಹೊಟ್ಟೆಯಲ್ಲಿ ಇರುವುದಲ್ಲ, ಮೈಮೇಲೆ ಇರುವುದು. ವರ್ಷಗಟ್ಟಲೆ ಮಳೆ ಬಿಸಿಲಿಗೆ ಗುಡ್ಡದ ಮೇಲೆ ಅಲ್ಲಲ್ಲಿ ಒಂದು ಹೆಪ್ಪು ಕಟ್ಟಿದೆ, ಕೆಲವು ಕಡೆ ಹುಲ್ಲು ಜಾಲಿ ಬೆಳೆದಿದೆ. ಜೆಸಿಬಿ ಬಕೆಟ್ ಬಿದ್ದ ದಿನ ಆ ಹೆಪ್ಪು ಒಡೆದು ಹೊಸ ಮೈ ತೆರೆಯುತ್ತದೆ. ಸೈನೈಡ್ ಅನ್ನುವ ಹೆಸರಿಗೆ ಜನ ಹೆದರುತ್ತಾರೆ. ಅದು ಬಿಸಿಲಿಗೆ, ಗಾಳಿಗೆ ಕಾಲಕ್ರಮದಲ್ಲಿ ಕೆಡುವಂಥದ್ದು. ಸಿಲಿಕಾ ಕೆಡುವುದಿಲ್ಲ.

ಹಾಗಂತ ಕೆಲಸವೇ ಬೇಡ ಅನ್ನುವುದು ನನ್ನ ವಾದವಲ್ಲ. ಬೆಳಗಿನ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿ, ಕೂಲಿಗೆ, ಆಫೀಸಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವ ಜನಕ್ಕೆ ಊರಲ್ಲೇ ಕೆಲಸ ಸಿಕ್ಕರೆ ಅದಕ್ಕಿಂತ ಇನ್ನೇನು ಬೇಕು. ಆದರೆ ಎಷ್ಟು ಕೋಟಿ ಚಿನ್ನ ಅನ್ನುವ ಜೊತೆಗೆ ಇನ್ನೆರಡು ಅಳತೆ ಕೇಳಬೇಕು. ತೊಳೆದು ಮುಗಿದ 73 ಲಕ್ಷ ಯೂನಿಟ್ ಪುಡಿಯನ್ನು ಎಲ್ಲಿ ಇಡುತ್ತಾರೆ? ಒಂದು ಹೊತ್ತಿಗೆ ಎಷ್ಟು ಎಕರೆ ಮೈ ಬಯಲಾಗಿ ಇರುತ್ತದೆ, ಅದಕ್ಕೆ ನೀರು ಹೊಡೆಯುವವರು, ಮುಚ್ಚುವವರು ಯಾರು?

ಮುಚ್ಚುವುದಕ್ಕೂ ಲೆಕ್ಕ ಇದೆ. 1,003 ಎಕರೆಗೆ ಒಂದೇ ಒಂದು ಅಡಿ ದಪ್ಪ ಒಳ್ಳೆ ಮಣ್ಣು ಹಾಸಿ ಗಿಡ ಬೆಳೆಸಬೇಕಾದರೆ 4 ಲಕ್ಷ 37 ಸಾವಿರ ಟ್ರ್ಯಾಕ್ಟರ್ ಮಣ್ಣು ಬೇಕು. ನೆಲ ಸಪಾಟು ಅಂದುಕೊಂಡರೆ ಇಷ್ಟು. ಇಳಿಜಾರು ಇದ್ದರೆ ಮೈ ಹೆಚ್ಚಾಗುತ್ತದೆ, ಮಣ್ಣೂ ಹೆಚ್ಚು ಬೇಕು. 45 ಡಿಗ್ರಿ ಇಳಿಜಾರಿಗೆ ನೂರು ಟ್ರ್ಯಾಕ್ಟರ್ ಬೇಕಾದ ಕಡೆ ನೂರಾ ನಲವತ್ತೊಂದು. ಕೆರೆ ಹೂಳು ತಂದು ಹಾಕಿದರಾಯಿತು ಅನ್ನಬಹುದು. ಹೂಳಿಗೆ ನಮ್ಮ ರೈತರು ಈಗಾಗಲೇ ಕಾಯುತ್ತಾ ನಿಂತಿದ್ದಾರೆ.

ಗುಡ್ಡವನ್ನು ಚಪ್ಪಟೆ ಮಾಡಿ ಹರಡಿದರೆ ಮುಚ್ಚಬೇಕಾದ ಜಾಗ ಹೆಚ್ಚುತ್ತದೆ, ಎತ್ತರ ರಾಶಿ ಹಾಕಿದರೆ ಮುಚ್ಚಬೇಕಾದ್ದು ಕಡಿಮೆ ಆಗುತ್ತದೆ ಆದರೆ ಮಳೆಗೆ ಕುಸಿಯುತ್ತದೆ. ಈಗಿರುವ ಗುಡ್ಡಗಳ ಬದಿಯಲ್ಲಿ ಮಳೆನೀರು ಕೊರೆದ ಆಳವಾದ ಕೊರಕಲು ನೋಡಿದವರಿಗೆ ಇದು ಗೊತ್ತು. ಆ ಕೊರಕಲಿನಿಂದ ಹೋದ ಪುಡಿ ಕೆಳಗಿನ ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೆ ಸೇರುತ್ತದೆ. ಎತ್ತರ ಎಷ್ಟು, ಇಳಿಜಾರು ಎಷ್ಟು, ಮೇಲೆ ಏನು ಹಾಸುತ್ತಾರೆ ಅನ್ನುವುದು ಟೆಂಡರ್ ಕಾಗದದಲ್ಲಿ ಒಂದು ಪುಟದಷ್ಟಾದರೂ ಇರಬೇಕಾದ ವಿಷಯ. ಪರಿಸರ ಅನುಮತಿಗೆ ಜನರ ಅಹವಾಲು ಸಭೆ ಕರೆದರೆ ಈ ಮೂರನ್ನೂ ಅಡಿ, ಎಕರೆ, ಟ್ರ್ಯಾಕ್ಟರ್ ಲೆಕ್ಕದಲ್ಲೇ ಕೇಳಬಹುದು. ಸಭೆಗೆ ಹೋಗುವವರು ಹತ್ತನೇ ತರಗತಿ ಓದುವ ಮಗುವನ್ನೂ ಕರೆದುಕೊಂಡು ಹೋಗಿ. ಸೂತ್ರ ಅವರಿಗೆ ಬಾಯಿಪಾಠ ಇರುತ್ತದೆ.